ಅಮೆರಿಕದ ಮಸೀದಿ, ಮದ್ರಸ, ನಿಕಾಹ್ ಮತ್ತು ಉಯಿಲು: ಹೊಸದಾಗಿ ಬಂದ ಕನ್ನಡಿಗ ಮುಸ್ಲಿಮರಿಗೆ ಒಂದು ಪರಿಚಯ

ಕರ್ನಾಟಕದಿಂದ ಅಮೆರಿಕಕ್ಕೆ ಬಂದು ನೆಲೆಸುವ ಮುಸ್ಲಿಮರು ಎಲ್ಲಕ್ಕಿಂತ ಮೊದಲು ತಿಳಿದುಕೊಳ್ಳಬೇಕಾದ ಸಂಗತಿಯೆಂದರೆ, ಈ ದೇಶದಲ್ಲಿ ವಕ್ಫ್ ಮಂಡಳಿ ಇಲ್ಲ, ಸರಕಾರದ ಮನ್ನಣೆ ಪಡೆದ ಖಾಝಿ ಇಲ್ಲ, ಮುಸ್ಲಿಮರಿಗೆಂದು ಪ್ರತ್ಯೇಕವಾದ ವೈಯಕ್ತಿಕ ಕಾನೂನೂ ಇಲ್ಲ. ಉಳ್ಳಾಲದಲ್ಲೋ ಭಟ್ಕಳದಲ್ಲೋ ಹುಟ್ಟಿದವರು ಹುಟ್ಟಿನಿಂದಲೇ ಒಂದು ಜಮಾಅತ್‌ಗೆ ಸೇರಿದವರಾಗಿರುತ್ತಾರೆ. ಮದುವೆ, ಮಕ್ಕಳ ಓದು, ಮರಣ, ಆಸ್ತಿಯ ಪಾಲು ಎಲ್ಲವನ್ನೂ ನೋಡಿಕೊಳ್ಳುವ ವ್ಯವಸ್ಥೆ ಅವರು ಕೇಳುವ ಮೊದಲೇ ಅಲ್ಲಿ ಸಿದ್ಧವಾಗಿರುತ್ತದೆ. ಅಮೆರಿಕದಲ್ಲಿ ಅದೇ ಕೆಲಸಗಳೆಲ್ಲ ನಡೆಯುತ್ತವೆ, ಚೆನ್ನಾಗಿಯೇ ನಡೆಯುತ್ತವೆ, ಆದರೆ ಪ್ರತಿಯೊಂದಕ್ಕೂ ನಾವೇ ಅರ್ಜಿ ಹಾಕಿ, ಸಹಿ ಮಾಡಿ, ಕಾಗದದ ಮೇಲೆ ಇಳಿಸಬೇಕಾಗುತ್ತದೆ.

ಮಸೀದಿಯಿಂದಲೇ ಆರಂಭಿಸೋಣ. 2020ರ ಸಮೀಕ್ಷೆಯೊಂದು ದೇಶದಲ್ಲಿ 2,769 ಮಸೀದಿಗಳನ್ನು ಎಣಿಸಿತ್ತು. ಸಾಮಾನ್ಯವಾಗಿ ಪ್ರತಿಯೊಂದೂ ಆಯಾ ರಾಜ್ಯದಲ್ಲಿ ನೋಂದಾಯಿತವಾದ, ಲಾಭರಹಿತವಾದ ಸ್ವತಂತ್ರ ಸಂಸ್ಥೆ. ತೆರಿಗೆ ಕಾನೂನಿನ 501(ಸಿ)(3) ವಿಭಾಗದಡಿ ಅದಕ್ಕೆ ವಿನಾಯಿತಿ ಇರುತ್ತದೆ. ಅದಕ್ಕೊಂದು ಬೈಲಾ, ಆಡಳಿತ ಮಂಡಳಿ ಮತ್ತು ಸದಸ್ಯರ ಪಟ್ಟಿ ಇರುತ್ತವೆ. ಕೆಲವು ಮಸೀದಿಗಳ ಸ್ಥಿರಾಸ್ತಿ 1973ರಲ್ಲಿ ಸ್ಥಾಪನೆಯಾದ ನಾರ್ತ್ ಅಮೆರಿಕನ್ ಇಸ್ಲಾಮಿಕ್ ಟ್ರಸ್ಟ್‌ನ ಹೆಸರಿನಲ್ಲಿರುತ್ತದೆ; ಉಳಿದವು ತಮ್ಮ ಆಸ್ತಿಯನ್ನು ತಾವೇ ಇಟ್ಟುಕೊಂಡಿರುತ್ತವೆ. ನಮಾಝಿಗೆ ಹೋಗುವುದರಿಂದಲೇ ಯಾರೂ ಸದಸ್ಯರಾಗುವುದಿಲ್ಲ. ವಾರ್ಷಿಕ ಚಂದಾ ಕಟ್ಟಿ, ಅರ್ಜಿ ತುಂಬಿದವರಿಗೆ ಮಾತ್ರ ಸರ್ವಸದಸ್ಯರ ಸಭೆಯಲ್ಲಿ ಮತ ಇರುತ್ತದೆ. ಬಂದ ಮೊದಲ ವರ್ಷದಲ್ಲೇ ಸದಸ್ಯತ್ವ ಪಡೆಯುವುದು ಒಳ್ಳೆಯದೆಂದು ನಾನು ಒತ್ತಿ ಹೇಳುತ್ತೇನೆ. ಇದಕ್ಕೊಂದು ಕಾರಣವಿದೆ: ಇತರ ದತ್ತಿ ಸಂಸ್ಥೆಗಳು ತೆರಿಗೆ ಇಲಾಖೆಗೆ ಪ್ರತಿವರ್ಷ ಸಲ್ಲಿಸುವ ಲೆಕ್ಕಪತ್ರದಿಂದ ಚರ್ಚುಗಳಿಗೂ ಮಸೀದಿಗಳಿಗೂ ಕಾನೂನು ವಿನಾಯಿತಿ ಕೊಟ್ಟಿದೆ. ಆದ್ದರಿಂದ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳುವ ಹೊಣೆ ಬಹುಮಟ್ಟಿಗೆ ಸದಸ್ಯರ ಮೇಲೆಯೇ ಇದೆ.

ಶುಕ್ರವಾರ ಮಧ್ಯಾಹ್ನ ಯಾವುದೇ ದೊಡ್ಡ ಮಸೀದಿಗೆ ಹೋದರೂ ಈ ವ್ಯವಸ್ಥೆ ಕಣ್ಣಿಗೆ ಬೀಳುತ್ತದೆ. ಹೊಳೆಯುವ ಹಸಿರು ಜಾಕೆಟ್ ತೊಟ್ಟ ಸ್ವಯಂಸೇವಕರು ರಸ್ತೆಯಲ್ಲಿ ನಿಂತು ಕಾರುಗಳಿಗೆ ದಾರಿ ತೋರಿಸುತ್ತಿರುತ್ತಾರೆ. ಹಾಲ್‌ನ ಬಾಗಿಲ ಬಳಿ, ಒಳಗೆ ಇಷ್ಟು ಮಂದಿಗಿಂತ ಹೆಚ್ಚು ಸೇರಬಾರದೆಂಬ ಅಗ್ನಿಶಾಮಕ ಇಲಾಖೆಯ ಫಲಕ ಇರುತ್ತದೆ. ಜಾಗದ ಈ ಮಿತಿಯಿಂದಾಗಿಯೇ ಜುಮಾ ಎರಡು ಅಥವಾ ಮೂರು ಪಾಳಿಗಳಲ್ಲಿ ನಡೆಯುತ್ತದೆ. ಖುತ್ಬಾ, ಅಂದರೆ ಪ್ರವಚನ, ಬಹುತೇಕ ಇಂಗ್ಲಿಷಿನಲ್ಲಿದ್ದು, ಕಚೇರಿಯ ಊಟದ ವಿರಾಮದೊಳಗೆ ಮುಗಿಯುತ್ತದೆ. ಗೋಡೆಯ ವೇಳಾಪಟ್ಟಿಯಲ್ಲಿ ಇಳಿಹೊತ್ತಿನ ನಮಾಝಾದ ಅಸ್ರ್‌ಗೆ ಎರಡು ಸಮಯಗಳನ್ನು ಬರೆದಿದ್ದರೆ ಗೊಂದಲ ಬೇಡ: ಒಂದು ಕರಾವಳಿಯ ಶಾಫಿ ಪದ್ಧತಿಯವರಿಗೂ ಒಗ್ಗುವ ಸಮಯ, ಇನ್ನೊಂದು ಬೆಂಗಳೂರು, ಕಲಬುರಗಿ ಕಡೆಯ ಹನಫಿಗಳ ಸಮಯ. ಮೊಬೈಲ್ ಆ್ಯಪ್‌ಗಳಲ್ಲಿ ಮುಂಜಾನೆಯ ನಮಾಝಾದ ಫಜ್ರ್‌ನ ಸಮಯ ಬೇರೆ ಬೇರೆಯಾಗಿ ಕಾಣುವುದಕ್ಕೂ ಕಾರಣವಿದೆ. ಉತ್ತರ ಅಮೆರಿಕದ ಲೆಕ್ಕವನ್ನು ಆರಿಸಿದರೆ ಸೂರ್ಯ ದಿಗಂತದಿಂದ 15 ಡಿಗ್ರಿ ಕೆಳಗಿರುವ ಕ್ಷಣವನ್ನೂ, ಕರಾಚಿಯ ಲೆಕ್ಕವನ್ನು ಆರಿಸಿದರೆ 18 ಡಿಗ್ರಿಯ ಕ್ಷಣವನ್ನೂ ಅವು ತೋರಿಸುತ್ತವೆ. ಉಪವಾಸ ಆ ಸಮಯದಿಂದಲೇ ಶುರುವಾಗುವುದರಿಂದ ರಮಝಾನಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ತಮ್ಮ ಮಸೀದಿ ಯಾವ ಲೆಕ್ಕವನ್ನು ಅನುಸರಿಸುತ್ತದೆಂದು ಕೇಳಿ ಆ್ಯಪ್ ಅನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು.

ಚಂದ್ರದರ್ಶನದ ವಿಷಯವೂ ಹಾಗೆಯೇ. ಇಸ್ಲಾಮಿಕ್ ಧರ್ಮಶಾಸ್ತ್ರದ ವಿದ್ವಾಂಸರ ಮಂಡಳಿಯಾದ ಫಿಕ್ಹ್ ಕೌನ್ಸಿಲ್ ಆಫ್ ನಾರ್ತ್ ಅಮೆರಿಕ 2006ರಿಂದ ಖಗೋಳ ಲೆಕ್ಕಾಚಾರವನ್ನು ಒಪ್ಪಿಕೊಂಡಿದೆ. ದಕ್ಷಿಣ ಏಷ್ಯಾದವರು ಹೆಚ್ಚಿರುವ ಹಲವು ಮಸೀದಿಗಳು ಕಣ್ಣಿಗೆ ಕಂಡ ಚಂದ್ರನನ್ನೇ ಅನುಸರಿಸುತ್ತವೆ. ಒಂದೇ ನಗರದಲ್ಲಿ ಎರಡು ದಿನ ಈದ್ ಬರುವುದುಂಟು. ಕುಟುಂಬವೊಂದು ಒಂದು ಮಸೀದಿಯನ್ನು ಆರಿಸಿಕೊಂಡು ಅದರೊಡನೆ ಹಬ್ಬ ಮಾಡುವುದೇ ಮನಸ್ಸಿಗೆ ನೆಮ್ಮದಿ.

ಮಕ್ಕಳ ಕಲಿಕೆಯ ಬಗ್ಗೆ ಕರಾವಳಿಯ ತಂದೆತಾಯಂದಿರಿಗೆ ಇರುವ ಆತಂಕ ನನಗೆ ಚೆನ್ನಾಗಿ ಗೊತ್ತಿದೆ. ಶಾಲೆಗೆ ಮುಂಚೆ ದಿನವೂ ಮದ್ರಸಕ್ಕೆ ಹೋಗಿ ಬರುವ ರೂಢಿ ಇಲ್ಲಿ ಸಾಧ್ಯವಾಗುವುದಿಲ್ಲ, ಏಕೆಂದರೆ ಶಾಲೆಯ ಬಸ್ಸು ಅಷ್ಟು ಬೇಗ ಮನೆಯ ಬಳಿ ಬಂದಿರುತ್ತದೆ. ಅದರ ಬದಲು ಶನಿವಾರ ಅಥವಾ ಭಾನುವಾರದ ವಾರಾಂತ್ಯ ಶಾಲೆ, ಸಂಜೆಯ ಕುರ್‌ಆನ್ ತರಗತಿ, ದೊಡ್ಡ ಊರುಗಳಲ್ಲಿ ಕುರ್‌ಆನ್ ಕಂಠಪಾಠದ ಹಿಫ್ಝ್ ತರಗತಿ ಮತ್ತು ಪೂರ್ಣಾವಧಿಯ ಇಸ್ಲಾಮಿಕ್ ಶಾಲೆಗಳಿವೆ. ವಾರಕ್ಕೆ ಮೂರು ಗಂಟೆಯ ಪಾಠದಿಂದ ಓದು ಗಟ್ಟಿಯಾಗುವುದಿಲ್ಲವಾದ್ದರಿಂದ, ಮನೆಯಲ್ಲಿ ದಿನಕ್ಕೆ ಸ್ವಲ್ಪ ಹೊತ್ತನ್ನಾದರೂ ಮೀಸಲಿಡಬೇಕು. ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಎಚ್-1ಬಿ ಎಂಬ ಉದ್ಯೋಗ ವೀಸಾದವರು, ಮತ್ತು ಕೆಲಸದ ಅನುಮತಿ ಇಲ್ಲದ ಎಚ್-4 ಎಂಬ ಅವಲಂಬಿತರ ವೀಸಾದವರು, ವಾರಾಂತ್ಯ ಶಾಲೆಯಲ್ಲಿ ಸ್ವಯಂಸೇವಕರಾಗಿ ಪಾಠ ಹೇಳಬಹುದು. ಗೌರವಧನವೆಂದು ಕೊಟ್ಟ ಚೆಕ್ಕನ್ನು ಸ್ವೀಕರಿಸಿದರೆ ಅದು ಅನುಮತಿಯಿಲ್ಲದ ಉದ್ಯೋಗವೆನಿಸಿ ವೀಸಾಕ್ಕೇ ಕುತ್ತು ಬರಬಹುದು.

ಹಿರಿಯ ಮಕ್ಕಳಿಗೆ ಕಾಲೇಜಿನಲ್ಲಿ ಆಸರೆಯಾಗುವುದು ಮುಸ್ಲಿಮ್ ವಿದ್ಯಾರ್ಥಿ ಸಂಘ. 1963ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಈ ಸಂಘಟನೆಯ ಶಾಖೆಗಳು ಈಗ ಬಹುತೇಕ ದೊಡ್ಡ ವಿಶ್ವವಿದ್ಯಾಲಯಗಳಲ್ಲಿವೆ. ಕೆಲವೆಡೆ ಮುಸ್ಲಿಮ್ ಚಾಪ್ಲಿನ್ ಎಂಬ ಧಾರ್ಮಿಕ ಮಾರ್ಗದರ್ಶಕರೂ ಇರುತ್ತಾರೆ. ಜಾರ್ಜ್‌ಟೌನ್ ವಿಶ್ವವಿದ್ಯಾಲಯ 1999ರಲ್ಲೇ ಒಬ್ಬರನ್ನು ಪೂರ್ಣಾವಧಿಗೆ ನೇಮಿಸಿತು. ಬರ್ಕ್ಲಿಯ ಝೈತೂನಾ ಕಾಲೇಜು 2015ರಲ್ಲಿ ಅಧಿಕೃತ ಮಾನ್ಯತೆ ಪಡೆದು, ಈ ದೇಶದಲ್ಲಿ ಅಂಥ ಮಾನ್ಯತೆ ಗಳಿಸಿದ ಮೊದಲ ಮುಸ್ಲಿಮ್ ಪದವಿ ಕಾಲೇಜಾಯಿತು. ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು: ಊರಿನ ಮಸೀದಿಯೊಳಗೆ ಎಂದೂ ಕಾಲಿಡದ ನಮ್ಮ ಅನೇಕ ಮಹಿಳೆಯರು ಇಲ್ಲಿ ರಮಝಾನಿನ ರಾತ್ರಿಯ ನಮಾಝಾದ ತರಾವೀಹ್‌ಗೆ ಹೋಗುತ್ತಾರೆ, ತರಗತಿ ನಡೆಸುತ್ತಾರೆ, ಆಡಳಿತ ಮಂಡಳಿಗೂ ಆಯ್ಕೆಯಾಗುತ್ತಾರೆ. ಇದನ್ನು ನಾನು ದೊಡ್ಡ ಲಾಭವೆಂದೇ ಎಣಿಸುತ್ತೇನೆ.

ಅಮೆರಿಕದ ಇಸ್ಲಾಮ್ ಎಂದರೆ ವಲಸೆ ಬಂದವರದು ಎಂಬ ಭಾವನೆ ನಮ್ಮಲ್ಲಿ ಬೇಗ ಬೆಳೆಯುತ್ತದೆ, ಅದು ತಪ್ಪು. ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಬಂದವರಲ್ಲಿ ಕುರ್‌ಆನ್ ಬಲ್ಲವರಿದ್ದರು. ಅವರಲ್ಲೊಬ್ಬರಾದ ಉಮರ್ ಇಬ್ನ್ ಸಯೀದ್ 1831ರಲ್ಲಿ ಅರಬಿಯಲ್ಲಿ ಬರೆದ ಆತ್ಮಕಥೆ ಇಂದು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. 1975ರಲ್ಲಿ ಕಪ್ಪು ಮುಸ್ಲಿಮರ ಸಂಘಟನೆಯಾದ ನೇಷನ್ ಆಫ್ ಇಸ್ಲಾಮ್‌ನ ನಾಯಕತ್ವ ವಹಿಸಿಕೊಂಡ ಇಮಾಮ್ ಡಬ್ಲ್ಯು. ಡಿ. ಮುಹಮ್ಮದ್ ಅದರ ಅನುಯಾಯಿಗಳಲ್ಲಿ ಬಹುಪಾಲು ಜನರನ್ನು ಸುನ್ನಿ ಇಸ್ಲಾಮಿನ ದಾರಿಗೆ ಕರೆತಂದರು. ಸೆರೆಮನೆಯಲ್ಲಿದ್ದ ಕಪ್ಪು ಮುಸ್ಲಿಮರೊಬ್ಬರು ಧಾರ್ಮಿಕ ಗ್ರಂಥಗಳಿಗಾಗಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1964ರಲ್ಲಿ ಅವರ ಪರವಾಗಿ ನಿಂತಿತು. ನಾವು ಇಂದು ಸಹಜವೆಂಬಂತೆ ಅನುಭವಿಸುವ ಹಕ್ಕುಗಳ ಹಿಂದೆ ಇಂಥವರ ಹೋರಾಟವಿದೆ. ಆದ್ದರಿಂದ ನಗರದ ಹಳೆಯ ಭಾಗದಲ್ಲಿ ಅವರು ಕಟ್ಟಿದ ಮಸೀದಿಗಳಿಗೂ ಆಗಾಗ ಹೋಗಿ ಜುಮಾ ಮಾಡಬೇಕೆಂದು ನನ್ನ ಕೋರಿಕೆ.

ಖ್ವಾಜಾ ಬಂದೇನವಾಝರ ದರ್ಗಾವನ್ನೋ ಉಳ್ಳಾಲದ ಉರೂಸನ್ನೋ ನೆನೆದು ಹಂಬಲಿಸುವವರಿಗೆ ಇಲ್ಲಿ ಅಂಥ ಜನಸಾಗರ ಸಿಗುವುದಿಲ್ಲವಾದರೂ ಸೂಫಿ ಮಾರ್ಗ ಅಪರಿಚಿತವಲ್ಲ. ಶ್ರೀಲಂಕಾದಿಂದ 1971ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದ ಬಾವಾ ಮುಹಿಯದ್ದೀನ್ ತಮಿಳಿನಲ್ಲೇ ಬೋಧಿಸಿದರು. 1986ರಲ್ಲಿ ತೀರಿಕೊಂಡ ಅವರ ಮಝಾರ್, ಅಂದರೆ ಸಮಾಧಿ, ಪೆನ್ಸಿಲ್ವೇನಿಯಾದ ಕೋಟ್ಸ್‌ವಿಲ್ ಬಳಿ ಇದೆ. ಇನ್ನೂ ಮೊದಲು, 1910ರಲ್ಲಿ, ಬರೋಡಾದಿಂದ ಬಂದ ಸಂಗೀತಗಾರ ಹಝ್ರತ್ ಇನಾಯತ್ ಖಾನ್ ಚಿಶ್ತೀ ಪರಂಪರೆಯನ್ನು ಈ ದೇಶಕ್ಕೆ ಪರಿಚಯಿಸಿದ್ದರು. ಅವರ ತಾಯಿಯ ತಂದೆ ಮೌಲಾ ಬಖ್ಶ್ ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದ ವಿದ್ವಾಂಸರೆಂಬುದು ಕನ್ನಡಿಗರಿಗೆ ಹೆಮ್ಮೆಯ ನಂಟು.

ಉದ್ಯೋಗದ ವಿಷಯ ಚಿಕ್ಕದು. 15 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ನಮಾಝ್, ಹಿಜಾಬ್, ಗಡ್ಡ, ಈದ್ ರಜೆ ಇವುಗಳಿಗೆ ಅವಕಾಶ ಮಾಡಿಕೊಡಬೇಕೆಂದು 1964ರ ನಾಗರಿಕ ಹಕ್ಕುಗಳ ಕಾಯ್ದೆ ಹೇಳುತ್ತದೆ. ವ್ಯವಹಾರಕ್ಕೆ ಗಣನೀಯ ಹೊರೆಯಾಗುತ್ತದೆಂದು ತೋರಿಸಿದರೆ ಮಾತ್ರ ನಿರಾಕರಿಸಬಹುದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿದೆ. ಕೋರಿಕೆ ಬಾಯಿಮಾತಿನಲ್ಲಿ ಉಳಿಯದೆ ಇ-ಮೇಲ್ ಮೂಲಕ ಹೋಗಲಿ.

ಮದುವೆಯಲ್ಲಿ ಇಮಾಮರು ನಿಕಾಹ್ ಓದಿಸಿದ ಮಾತ್ರಕ್ಕೆ ಬಹುತೇಕ ರಾಜ್ಯಗಳಲ್ಲಿ ಕಾನೂನಿನ ದೃಷ್ಟಿಯಿಂದ ಮದುವೆ ಆದಂತಾಗುವುದಿಲ್ಲ. ಮೊದಲು ಕೌಂಟಿ, ಅಂದರೆ ಜಿಲ್ಲೆಯಂಥ ಆಡಳಿತ ಘಟಕದ, ಕಚೇರಿಯಿಂದ ವಿವಾಹ ಪರವಾನಗಿ ಪಡೆಯಬೇಕು. ನಿಕಾಹ್ ಆದ ಮೇಲೆ ಇಮಾಮರು ಅದಕ್ಕೆ ಸಹಿ ಹಾಕಿ ಗಡುವಿನೊಳಗೆ ಹಿಂದಿರುಗಿಸಬೇಕು. ವೀಸಾ, ವಿಮೆ, ವಾರಸುದಾರಿಕೆಯ ಹಕ್ಕು ಎಲ್ಲಕ್ಕೂ ಆ ಕಾಗದವೇ ಆಧಾರ. ತಲಾಕ್ ಹೇಳಿದರೂ ಬರೆದರೂ ನ್ಯಾಯಾಲಯದ ತೀರ್ಪು ಬರುವವರೆಗೆ ದಂಪತಿಗಳು ದಂಪತಿಗಳೇ. ವರ ವಧುವಿಗೆ ಕೊಡಬೇಕಾದ ಮಹರ್ ಅನ್ನು ಕೆಲವು ನ್ಯಾಯಾಲಯಗಳು ಒಪ್ಪಂದವೆಂದು ಒಪ್ಪಿ ಕೊಡಿಸಿವೆ, ಕೆಲವು ನಿರಾಕರಿಸಿವೆ. ಮೊತ್ತವನ್ನೂ ಕೊಡುವ ಸಮಯವನ್ನೂ ಸ್ಪಷ್ಟವಾಗಿ ಬರೆದು ಇಬ್ಬರೂ ಸಹಿ ಮಾಡಿದ್ದರೆ ವಧುವಿನ ಪಕ್ಷ ಬಲವಾಗಿರುತ್ತದೆ.

ಮರಣ ಸಂಭವಿಸಿದಾಗ ಮೊದಲು ಕರೆ ಮಾಡಬೇಕಾದದ್ದು ಮಸೀದಿಯ ಜನಾಝಾ ಸಮಿತಿಗೆ. ಅವರಿಗೆ ಪರಿಚಯದ ಅಂತ್ಯಸಂಸ್ಕಾರ ಸಂಸ್ಥೆ ಇರುತ್ತದೆ. ಘುಸ್ಲ್‌ಗೆ (ದೇಹಕ್ಕೆ ಸ್ನಾನ ಮಾಡಿಸಲು) ಕೋಣೆ, ಹೊದಿಸುವ ಕಫನ್ ಬಟ್ಟೆ, ಖಬರಸ್ಥಾನದಲ್ಲಿ ಜಾಗ ಇವನ್ನು ಅವರೇ ಹೊಂದಿಸಿಕೊಡುತ್ತಾರೆ. ಬೇಗನೆ ದಫನ ಮಾಡುವಾಗ ದೇಹಕ್ಕೆ ರಾಸಾಯನಿಕ ತುಂಬಬೇಕೆಂಬ ನಿಯಮ ಸಾಮಾನ್ಯವಾಗಿ ಇಲ್ಲ. ದೇಹವನ್ನು ಊರಿಗೆ ಕಳುಹಿಸುವುದಾದರೆ ಅದು ಬೇಕಾಗುತ್ತದೆ. ದರಪಟ್ಟಿಯನ್ನು ಬಿಡಿಬಿಡಿಯಾಗಿ ಕೇಳಿ ಪಡೆಯುವ ಹಕ್ಕನ್ನು ಕೇಂದ್ರ ಸರಕಾರದ ನಿಯಮವೇ ಕೊಟ್ಟಿದೆ.

ಎಲ್ಲಕ್ಕಿಂತ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗಿರುವುದು ಉಯಿಲು. ಭಾರತದಲ್ಲಿ 1937ರ ಶರೀಅತ್ ಕಾಯ್ದೆಯಿಂದಾಗಿ, ಏನೂ ಬರೆದಿಡದೆ ತೀರಿಕೊಂಡರೂ ಸಾಮಾನ್ಯವಾಗಿ ಪಾಲುಗಳು ಇಸ್ಲಾಮಿಕ್ ನಿಯಮದಂತೆ ಹಂಚಿಕೆಯಾಗುತ್ತವೆ. ಇಲ್ಲಿ ಉಯಿಲಿಲ್ಲದಿದ್ದರೆ ಆಯಾ ರಾಜ್ಯದ ಕಾನೂನು ಹಂಚುತ್ತದೆ. ಮೃತರಿಗೆ ಮಕ್ಕಳಿರುವಾಗ ಕುರ್‌ಆನ್ ತಂದೆಗೂ ತಾಯಿಗೂ ತಲಾ ಆರನೆಯ ಒಂದು ಪಾಲು ಹೇಳುತ್ತದೆ. ಅಮೆರಿಕದ ರಾಜ್ಯಗಳ ಕಾನೂನಿನಲ್ಲಿ ಮಕ್ಕಳಿದ್ದರೆ ಸಾಮಾನ್ಯವಾಗಿ ತಂದೆತಾಯಿಗೆ ಏನೂ ಇಲ್ಲ. ಮಂಗಳೂರಿನಲ್ಲಿ ಮಗನ ಸಂಪಾದನೆಯನ್ನೇ ನಂಬಿರುವ ವೃದ್ಧ ತಾಯಿಯ ಸ್ಥಿತಿಯನ್ನು ಒಮ್ಮೆ ಯೋಚಿಸಿ. ಚಿಕ್ಕ ಮಕ್ಕಳಿದ್ದರೆ, ಇಬ್ಬರೂ ತೀರಿಕೊಂಡ ಪಕ್ಷದಲ್ಲಿ ಅವರನ್ನು ಯಾರು ಸಾಕಬೇಕೆಂದು ಹೆಸರಿಸಲು ಸಾಮಾನ್ಯ ದಾರಿಯೂ ಉಯಿಲೇ.

ಉಯಿಲು ಬರೆದರೂ ಅದು ಎಲ್ಲವನ್ನೂ ತಲುಪುವುದಿಲ್ಲ. ಜೀವವಿಮೆಯ ಹಣ ವಿಮಾ ಪತ್ರದಲ್ಲಿ ಹೆಸರಿಸಿದವರಿಗೆ ಹೋಗುತ್ತದೆ. ಕಂಪನಿಯ 401(ಕೆ) ನಿವೃತ್ತಿ ಖಾತೆ, ಬಾಳಸಂಗಾತಿ ಲಿಖಿತವಾಗಿ ಬಿಟ್ಟುಕೊಡದ ಹೊರತು, ಬಹುತೇಕ ಬಾಳಸಂಗಾತಿಗೇ ಸೇರುತ್ತದೆ. ಒಬ್ಬರು ತೀರಿಕೊಂಡರೆ ಬದುಕಿರುವ ಇನ್ನೊಬ್ಬರಿಗೆ ಹೋಗುವಂತೆ ಜಂಟಿ ಹೆಸರಿನಲ್ಲಿ ಕೊಂಡ ಮನೆ ಆ ಇನ್ನೊಬ್ಬರದೇ ಆಗುತ್ತದೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಮದುವೆಯ ನಂತರದ ಗಳಿಕೆಯಲ್ಲಿ ಅರ್ಧ ಮೊದಲೇ ಸಂಗಾತಿಯದು. ಹಾಗಾಗಿ ಮಸೀದಿಯಲ್ಲಿ ಸಿಗುವ ಮಾದರಿ ವಸೀಯತ್ (ಉಯಿಲು) ಪತ್ರವನ್ನು ತುಂಬಿ ಸುಮ್ಮನಾಗದೆ, ವಾಸವಿರುವ ರಾಜ್ಯದ ವಕೀಲರಿಗೆ ತೋರಿಸಿ, ಸಾಕ್ಷಿಗಳ ಮುಂದೆ ಸಹಿ ಮಾಡಿ, ವಿಮೆ ಮತ್ತು ನಿವೃತ್ತಿ ಖಾತೆಗಳ ನಾಮನಿರ್ದೇಶನವನ್ನು ಅದರೊಂದಿಗೇ ಸರಿಪಡಿಸಿಕೊಳ್ಳಬೇಕು. ಬೇರೆ ರಾಜ್ಯಕ್ಕೆ ಮನೆ ಬದಲಿಸಿದಾಗ, ಮಗು ಹುಟ್ಟಿದಾಗ, ಊರಿನಲ್ಲಿ ತಂದೆಯೋ ತಾಯಿಯೋ ತೀರಿಕೊಂಡಾಗ ಆ ಕಾಗದವನ್ನು ಮತ್ತೆ ತೆರೆದು ಪಾಲುಗಳನ್ನು ಹೊಸದಾಗಿ ಬರೆಸಬೇಕು.