ಮಗಳ ಸಾಫ್ಟ್‌ಬಾಲ್ ನೋಡಲು ಕಾರಿನಲ್ಲಿ ಕೆನಡಾಕ್ಕೆ: ಸಿಯಾಟಲ್‌ನಿಂದ ಸರ್ರೆಗೆ ಹೊರಡುವ ಮುನ್ನ

ಸಿಯಾಟಲ್ ಕಡೆಯ ಸಾಫ್ಟ್‌ಬಾಲ್ ತಂಡಗಳಿಗೆ ಗಡಿಯಾಚೆಯ ಸರ್ರೆ ಕೂಗಳತೆಯ ಊರು. 2016ರ ಮಹಿಳಾ ವಿಶ್ವ ಚಾಂಪಿಯನ್‌ಷಿಪ್ ನಡೆದ ಸಾಫ್ಟ್‌ಬಾಲ್ ಸಿಟಿ ಎಂಬ ಮೈದಾನಗಳ ಸಮುಚ್ಚಯ ಇರುವುದು ಅಲ್ಲೇ. ಬೇಸಿಗೆಯ ಕೆನಡಾ ಕಪ್ ಸಾಫ್ಟ್‌ಬಾಲ್ ಟೂರ್ನಿ ನಡೆಯುವುದೂ ಅಲ್ಲೇ. ದಾರಿ ಸಲೀಸು, 190 ಕಿ.ಮೀ. ಒಳಗೆ. ಕೆಲಸ ಕೊಡುವುದು ಗಡಿ. ಅದರಲ್ಲೂ ಕನ್ನಡದ ಮನೆಗಳಲ್ಲಿ ಒಂದೇ ಕಾರಿನೊಳಗೆ ಮೂರು ಬಗೆಯ ಕಾಗದಪತ್ರ ಕೂತಿರುತ್ತವೆ.

ಹಾಗಾಗಿ ತಂಡ ಟೂರ್ನಿಗೆ ಹೆಸರು ಕೊಟ್ಟ ದಿನವೇ ಪಾಸ್‌ಪೋರ್ಟ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಅಮೆರಿಕದಲ್ಲಿ ಹುಟ್ಟಿದ, 16 ತುಂಬದ ಮಗಳಿಗೆ ರಸ್ತೆ ದಾರಿಯಲ್ಲಿ ಜನನ ಪ್ರಮಾಣಪತ್ರವೂ ನಡೆಯುತ್ತದೆ. ಪಾಸ್‌ಪೋರ್ಟ್ ಇದ್ದರೆ ಮಾತು ಬೇಗ ಮುಗಿಯುತ್ತದೆ. ಗ್ರೀನ್ ಕಾರ್ಡ್ ಇರುವವರಿಗೆ ಕೆನಡಾ ವೀಸಾ ಬೇಡ, ಆದರೆ ಕಾರ್ಡಿನ ಜೊತೆ ಚಾಲ್ತಿಯಲ್ಲಿರುವ ಭಾರತೀಯ ಪಾಸ್‌ಪೋರ್ಟ್ ಇರಲೇಬೇಕು. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವ ಅಪ್ಪ ಅಮ್ಮನಿಗೆ, ಮೊಮ್ಮಗಳ ಆಟ ನೋಡಲು ಬೆಂಗಳೂರಿನಿಂದ ಬಂದಿರುವ ಅಜ್ಜ ಅಜ್ಜಿಗೆ ಕೆನಡಾದ ವಿಸಿಟರ್ ವೀಸಾ ಬೇಕು. ಅಮೆರಿಕದ ವೀಸಾ ಇದೆಯಲ್ಲ ಎಂದುಕೊಂಡು ಹೊರಟವರು ಗಡಿಯಿಂದಲೇ ವಾಪಸಾಗಬೇಕಾಗುತ್ತದೆ. ಬೆರಳಚ್ಚು ಕೊಟ್ಟು, ಪಾಸ್‌ಪೋರ್ಟ್ ಕಳಿಸಿ, ಅದು ಮರಳಿ ಬರುವುದಕ್ಕೆ ಕಾಯಬೇಕಾದ್ದರಿಂದ ಮೂರು ತಿಂಗಳು ಕೈಯಲ್ಲಿಟ್ಟುಕೊಳ್ಳಿ.

ವಾಪಸ್ ಬರುವುದನ್ನೂ ಈಗಲೇ ನೋಡಿ. ಪಾಸ್‌ಪೋರ್ಟಿನಲ್ಲಿರುವ ಎಚ್-1ಬಿ ವೀಸಾ ಮುಗಿದಿದ್ದರೂ, ಐ-94 (ಅಮೆರಿಕದೊಳಗೆ ಬಂದದ್ದರ, ಎಂದಿನವರೆಗೆ ಇರಬಹುದೆಂಬುದರ ದಾಖಲೆ) ಚಾಲ್ತಿಯಲ್ಲಿದ್ದು 30 ದಿನದೊಳಗೆ ಮರಳುವುದಾದರೆ ಸಾಮಾನ್ಯವಾಗಿ ಒಳಗೆ ಬಿಡುತ್ತಾರೆ. ಆ ಭೇಟಿಯಲ್ಲೇ ಕೆನಡಾದಲ್ಲಿ ಹೊಸ ವೀಸಾಕ್ಕೆ ಅರ್ಜಿ ಹಾಕಿದರೆ ಈ ಸವಲತ್ತು ಇಲ್ಲ. ಐ-94 ಮತ್ತು ಎಚ್-1ಬಿ ಮಂಜೂರಾದದ್ದನ್ನು ತಿಳಿಸುವ ಐ-797 ಪತ್ರದ ಪ್ರತಿ ಕಾರಿನಲ್ಲಿರಲಿ.

ಮಗಳ ಗೆಳತಿಯನ್ನೂ ಕೂರಿಸಿಕೊಂಡಿದ್ದೀರಾ? ಅವಳ ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಿದ ಒಪ್ಪಿಗೆ ಪತ್ರ ಬೇಕು: ಹೋಗಿಬರುವ ದಿನಾಂಕ, ಉಳಿಯುವ ಜಾಗ, ಅವರ ಫೋನ್ ನಂಬರ್. ಅಪ್ಪ ಅಮ್ಮನಲ್ಲಿ ಒಬ್ಬರೇ ಹೊರಟಿದ್ದರೂ ಇನ್ನೊಬ್ಬರಿಂದ ಇಂಥ ಪತ್ರ ಬರೆಸಿಕೊಳ್ಳಿ. ತಂಡಗಳು ಹೆಚ್ಚಾಗಿ ಮರೆಯುವುದು ಇದನ್ನೇ.

ಇನ್ನು ಸಮಯ. ಪಂದ್ಯದ ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಮಧ್ಯಾಹ್ನ 2ಕ್ಕೆ ಪಂದ್ಯವೆಂದರೆ ವಾರ್ಮ್‌ಅಪ್‌ಗೆ 1ಕ್ಕೆ ಮೈದಾನದಲ್ಲಿರಬೇಕು. ಸಿಯಾಟಲ್‌ನಿಂದ ಗಡಿಯ ಊರು ಬ್ಲೇನ್‌ಗೆ ಐ-5 ಹೆದ್ದಾರಿಯಲ್ಲಿ ಎರಡು ಗಂಟೆ, ಗಡಿಗೆ ಒಂದೂವರೆ, ದಾರಿಯಲ್ಲಿ ಸಿಗುವ ಎವರೆಟ್‌ನ ಟ್ರಾಫಿಕ್‌ಗೆ ಅರ್ಧ. 9ಕ್ಕೆ ಮನೆ ಬಿಡಿ. ಜುಲೈ 1 ಕೆನಡಾಕ್ಕೆ ರಜೆ, 4 ಅಮೆರಿಕಕ್ಕೆ. ಆ ವಾರವಾದರೆ ಹಿಂದಿನ ರಾತ್ರಿಯೇ ದಾಟುವುದು ನೆಮ್ಮದಿ.

ಗಡಿ ಎಲ್ಲಿ ದಾಟಬೇಕೆಂಬ ನಿರ್ಧಾರ ಗಡಿಗೆ ಮುಂಚೆ ಸಿಗುವ ಬೆಲಿಂಗ್‌ಹ್ಯಾಮ್ ಊರಿನಲ್ಲೇ ಆಗಬೇಕು. ಐ-5 ನೇರವಾಗಿ ಪೀಸ್ ಆರ್ಚ್ ಎಂಬ ಗಡಿ ಗೇಟಿಗೆ ಒಯ್ಯುತ್ತದೆ. ಅಲ್ಲಿಂದ ಸಾಫ್ಟ್‌ಬಾಲ್ ಸಿಟಿ ಹತ್ತು ಕಿ.ಮೀ. ಒಳಗೆ. ಸಾಲು ಉದ್ದವಿದ್ದರೆ 275ನೇ ಎಕ್ಸಿಟ್‌ನಲ್ಲಿ ತಿರುಗಿ ಪಕ್ಕದ ಪೆಸಿಫಿಕ್ ಹೈವೇ ಗೇಟಿಗೆ ಹೋಗಬಹುದು. ಎರಡೂ ತುಂಬಿದ್ದರೆ ಲಿಂಡನ್ ಗೇಟಿಗೆ ಹೋಗಬಹುದು, ಅದಕ್ಕೆ ಬೆಲಿಂಗ್‌ಹ್ಯಾಮ್‌ನ 256ನೇ ಎಕ್ಸಿಟ್ ಹಿಡಿಯಬೇಕು. ಅದು ದಾಟಿಹೋದರೆ ಸುತ್ತು ಬಳಸು. ಲಿಂಡನ್ ಗೇಟ್ ರಾತ್ರಿಯಿಡೀ ತೆರೆದಿರುವುದಿಲ್ಲ. ಪೆಟ್ರೋಲನ್ನು ಅಮೆರಿಕದ ಕಡೆಯೇ ತುಂಬಿಸಿ, ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ.

ಬೂತ್ ಹತ್ತಿರ ಬಂದಾಗ ನಾಲ್ಕೂ ಕಿಟಕಿ ಇಳಿಸಿ, ಕಪ್ಪು ಕನ್ನಡಕ ತೆಗೆದು, ಪಾಸ್‌ಪೋರ್ಟ್‌ಗಳನ್ನು ಒಟ್ಟಿಗೆ ಕೊಡಿ. ‘ಮಗಳ ಸಾಫ್ಟ್‌ಬಾಲ್ ಟೂರ್ನಿ, ಸರ್ರೆ, ಭಾನುವಾರ ವಾಪಸ್’ ಎಂಬಷ್ಟು ಉತ್ತರ ಸಾಕು. ಕೀ ಗೊಂಚಲಿಗೆ ಪೆಪ್ಪರ್ ಸ್ಪ್ರೇ ಸಿಕ್ಕಿಸಿಕೊಂಡಿದ್ದರೆ ಮನೆಯಲ್ಲೇ ಬಿಡಿ. ಕೆನಡಾದಲ್ಲಿ ಅದು ನಿಷಿದ್ಧ ಆಯುಧ. ಮಾರಲು ಒಯ್ಯುವ ತಂಡದ ಟಿ-ಶರ್ಟ್‌ಗಳಿದ್ದರೆ ಕೇಳುವ ಮುಂಚೆಯೇ ಹೇಳಿ.

ಗಡಿ ದಾಟಿದ ಕೂಡಲೇ ಫಲಕಗಳೆಲ್ಲ ಕಿಲೋಮೀಟರ್‌ನಲ್ಲಿ. 100 ಅಂದರೆ 62 ಮೈಲಿ, 50 ಅಂದರೆ 31. ಮಕ್ಕಳ ಆಟದ ಬಯಲಿನ ಫಲಕದ ಕೆಳಗೆ 30 ಎಂದಿದ್ದರೆ ಬೆಳಗಾದಾಗಿನಿಂದ ಕತ್ತಲಾಗುವವರೆಗೆ, ವಾರದ ಏಳೂ ದಿನ, 30 ದಾಟುವಂತಿಲ್ಲ. ಇನ್ನೊಂದನ್ನು ಗಟ್ಟಿಯಾಗಿ ನೆನಪಿಡಿ: ಸರ್ರೆ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಹಸಿರು ದೀಪ ಮಿಣುಕುತ್ತಿದ್ದರೆ ಅದು ಎಡಕ್ಕೆ ತಿರುಗಲು ಕೊಟ್ಟ ಹಕ್ಕಲ್ಲ. ಪಾದಚಾರಿ ಗುಂಡಿ ಒತ್ತಿದಾಗ ಅದು ಕೆಂಪಾಗುತ್ತದೆ ಎಂದಷ್ಟೇ ಅರ್ಥ. ಎದುರಿನ ವಾಹನಗಳಿಗೂ ಅದೇ ಹಸಿರು ಮಿಣುಕುತ್ತಿರುತ್ತದೆ.

ಪಂದ್ಯ ಸರ್ರೆಯ ಬೇರೆ ಪಾರ್ಕಿಗೂ ಬೀಳಬಹುದು, ಪಟ್ಟಿಯನ್ನು ಬೆಳಿಗ್ಗೆ ಮತ್ತೊಮ್ಮೆ ನೋಡಿ. ಭಾನುವಾರದ ಪಂದ್ಯ ಎಷ್ಟು ಹೊತ್ತಿಗೆಂಬುದು ಶನಿವಾರದ ಸೋಲು ಗೆಲುವಿನ ಮೇಲೆ ನಿಂತಿರುವುದರಿಂದ, ಕೊನೆಯ ರಾತ್ರಿಯ ಹೋಟೆಲ್ ರದ್ದುಮಾಡಲು ಬರುವಂತಿರಲಿ. ಜುಲೈನಲ್ಲೂ ಸಂಜೆ ಚಳಿ ಬೀಳುತ್ತದೆ, ಅಜ್ಜಿಗೆ ಶಾಲು ಬೇಕು. ಆಡುವ ಮಗುವಿಗೆ ಚಿತ್ರಾನ್ನವನ್ನು ಪಂದ್ಯಕ್ಕೆ ಎರಡು ಮೂರು ಗಂಟೆ ಮೊದಲೇ ಕೊಡಿ. ಆಮೇಲೆ ಬಾಳೆಹಣ್ಣು, ನೀರು ಸಾಕು.

ವಾಪಸಾಗುವಾಗ ಕೂಲರ್ ಬಿಚ್ಚಿ ನೋಡಿ. ಕಿತ್ತಳೆ, ನಿಂಬೆ ಅಮೆರಿಕದೊಳಗೆ ಬಿಡುವುದಿಲ್ಲ. ನಿಂಬೆ ಗಿಡಗಳಿಗೆ ರೋಗ ಹರಡುವ ಕೀಟ ಕರಿಬೇವಿನ ಎಲೆಯಲ್ಲೂ ಬದುಕುವುದರಿಂದ ಅದಕ್ಕೂ ತಡೆ. ಸರ್ರೆಯ ನಮ್ಮವರ ಅಂಗಡಿಯಲ್ಲಿ ಹಸಿ ಕರಿಬೇವಿನ ಕಟ್ಟು ಕಂಡು ಆಸೆಯಾದರೆ, ಅಲ್ಲೇ ಉಳಿದ ಮನೆಯ ಒಗ್ಗರಣೆಗೆ ಹಾಕಿ ಮುಗಿಸಿ ಬನ್ನಿ.