ಟೇಪ್ ಬ್ಯಾಕಪ್ ಕೈಕೊಟ್ಟಾಗ ಮೊದಲು ನೋಡಬೇಕಾದದ್ದು

ಬಳ್ಳಾರಿಯ ಅದಿರಿನ ಕೆಂಪು ದೂಳು ಸರ್ವರ್ ಕೋಣೆಯೊಳಗೂ ನುಸುಳುವುದರಿಂದ, ಇಲ್ಲಿ ಟೇಪ್ ಓದುವಾಗ ದೋಷ ಬಂದೊಡನೆ ಎಲ್ಲರೂ ಡ್ರೈವಿನ ಹೆಡ್ಡನ್ನೇ (ಟೇಪನ್ನು ಓದಿ ಬರೆಯುವ ಭಾಗ) ದೂರುತ್ತಾರೆ. ಕ್ಲೀನಿಂಗ್ ದೀಪ ಉರಿದರೆ ಮಾತ್ರ ಕ್ಲೀನಿಂಗ್ ಕಾರ್ಟ್ರಿಜ್ ಹಾಕಿ; ಪದೇ ಪದೇ ಹಾಕಿದರೆ ಹೆಡ್ ಸವೆಯುತ್ತದೆ.

ನಾನು ಕಂಡಂತೆ ತಪ್ಪು ಹೆಚ್ಚಾಗಿ ಸಾಧನದ ಹೆಸರಿನಲ್ಲೇ ಇರುತ್ತದೆ. ಲಿನಕ್ಸಿನಲ್ಲಿ ‘ಎಸ್‌ಟಿ0’ ಎಂದು ಡ್ರೈವಿನ ಹೆಸರು ಕೊಟ್ಟರೆ ಕೆಲಸ ಮುಗಿದೊಡನೆ ಟೇಪ್ ಆರಂಭಕ್ಕೆ ಸುತ್ತಿಕೊಳ್ಳುವುದರಿಂದ, ಸೋಮವಾರದ ಬ್ಯಾಕಪ್ಪಿನ ಮೇಲೆಯೇ ಮಂಗಳವಾರದ್ದು ಬಂದು ಕೂತು, ಯಾವ ಎಚ್ಚರಿಕೆಯೂ ಇಲ್ಲದೆ ಹಳೆಯದು ಕೈತಪ್ಪುತ್ತದೆ. ಒಂದರ ಹಿಂದೊಂದು ಉಳಿಯಬೇಕಾದರೆ ‘ಎನ್‌ಎಸ್‌ಟಿ0’ ಬಳಸಿ. ಟೇಪನ್ನು ಹೊರತೆಗೆದು ಮತ್ತೆ ಹಾಕಿದ್ದರೆ, ಬರೆಯುವ ಮುನ್ನ, ಟೇಪನ್ನು ಹಿಂದೆ ಮುಂದೆ ಸರಿಸುವ ‘ಎಂಟಿ’ ಆದೇಶಕ್ಕೆ ‘ಇಒಡಿ’ ಎಂದು ಕೊಟ್ಟು ದತ್ತಾಂಶದ ಕೊನೆಗೆ ಹೋಗಿ.

ಓದುವಾಗ ಮೆಮೊರಿ ಸಿಗಲಿಲ್ಲ ಎಂಬ ಸಂದೇಶ ಬಂದರೆ ರ‍್ಯಾಮ್ ಕೊಳ್ಳಲು ಓಡಬೇಡಿ. ಟೇಪಿನ ಬ್ಲಾಕ್, ಅಂದರೆ ಒಂದೇ ಸಲಕ್ಕೆ ಬರೆದ ದತ್ತಾಂಶದ ತುಂಡು, ನೀವು ಓದಲು ಕೇಳಿದ್ದಕ್ಕಿಂತ ದೊಡ್ಡದಿರಬಹುದು. ಕಡತಗಳನ್ನು ಒಟ್ಟುಗೂಡಿಸಿ ಟೇಪಿಗೆ ಬರೆಯುವ ‘ಟಾರ್’ ಆದೇಶ ಸಾಮಾನ್ಯವಾಗಿ 10,240 ಬೈಟಿನ ಬ್ಲಾಕ್ ಬಳಸುತ್ತದೆ. ಬರೆದಾಗ ಕೊಟ್ಟ ಗಾತ್ರವನ್ನೇ ಓದುವಾಗಲೂ ಕೊಡಿ.