ಕಾಸರಗೋಡಿನಲ್ಲಿ ಹೊಳೆಬದಿಯ ಜಾಗ ಕೊಳ್ಳುವ ಕನ್ನಡಿಗರಿಗೆ

ಹೊಳೆಬದಿಯಲ್ಲಿ ತೆಂಗಿನ ತೋಟ, ಅದರಲ್ಲೊಂದು ಹೋಂಸ್ಟೇ, ನಾಲ್ಕು ಟೆಂಟು. ಮಂಗಳೂರು, ಬೆಂಗಳೂರಿನಿಂದ ಚಂದ್ರಗಿರಿ, ಶಿರಿಯ, ಮೊಗ್ರಾಲ್ ಹೊಳೆಗಳ ದಡಕ್ಕೆ ಬರುವ ನಮ್ಮವರ ಆಸೆ ಇದೇ. ಆಧಾರ, ತೀರ್ವೆ ರಸೀದಿ ಇವೆಲ್ಲ ಬ್ರೋಕರೇ ಹೇಳಿಕೊಡುತ್ತಾನೆ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ, ಅಂದರೆ ನೀರಂಚಿನಲ್ಲಿ ಕಟ್ಟುವುದಕ್ಕೆ ಕಡಿವಾಣ ಹಾಕುವ ಕಾನೂನು) ವಿಷಯ ಮಾತ್ರ ಎತ್ತುವುದಿಲ್ಲ.

ಸಮುದ್ರ ಅಷ್ಟು ದೂರ ಇದೆಯಲ್ಲ ಅನ್ನಬೇಡಿ. ಉಬ್ಬರದ ನೀರು ಹತ್ತುವ ಹೊಳೆಗೂ ಈ ಕಾನೂನು ಇದೆ. ಕಡು ಬೇಸಿಗೆಯಲ್ಲಿ ಲೀಟರ್ ನೀರಿಗೆ ಸುಮಾರು 5 ಗ್ರಾಂ ಉಪ್ಪು ಸಿಗುವಲ್ಲಿಯವರೆಗೆ ಅದರ ಗಡಿ. ಮಳೆಗಾಲದಲ್ಲಿ ಜಾಗ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ದಡದಲ್ಲಿ ಕಾಂಡ್ಲ ಗಿಡ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಂಡರೆ ಮುಂದೆ ಹೋಗಲೇಬೇಡಿ.

ದಡದಿಂದ ಎಷ್ಟು ದೂರದ ಜಾಗಕ್ಕೆ ಈ ಕಾನೂನು? 2011ರ ಸಿಆರ್‌ಝಡ್ ಅಧಿಸೂಚನೆಯಲ್ಲಿ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. 2019ರದ್ದರಲ್ಲಿ 100 ಹೋಗಿ 50 ಬಂತು. ಅಳೆಯುವುದು ನಕ್ಷೆಯಲ್ಲಿರುವ ಉಬ್ಬರದ ಗೆರೆಯಿಂದ. ಪುತ್ತೂರು ಕಡೆಯವರೊಬ್ಬರು ಇಳಿತದ ಹೊತ್ತಿಗೆ ನೀರಂಚಿನಿಂದ ಟೇಪು ಹಿಡಿದು ಪಿಲ್ಲರ್ ಎಬ್ಬಿಸಿದರು. ಸ್ಟಾಪ್ ಮೆಮೊ ಬಂತು. ತುಕ್ಕು ಹಿಡಿದ ಕಂಬಿಗಳ ಮೇಲೆ ಈಗ ಮೀನಿನವರು ಬಲೆ ಒಣಹಾಕುತ್ತಾರೆ. ಟೆಂಟ್ ಕಟ್ಟಡ ಅಲ್ವಲ್ಲ ಅನ್ನುವವರೂ ಇದ್ದಾರೆ. ಅದರ ಕೆಳಗೆ ಹಾಕುವ ಕಾಂಕ್ರೀಟು, ಪಕ್ಕದ ಕಕ್ಕಸು ನಿರ್ಮಾಣವೇ.

ಎಲ್ಲಕ್ಕಿಂತ ಜಾಸ್ತಿ ದುಡ್ಡು ಮುಳುಗುವುದು ಪಂಚಾಯತ್ ಪರ್ಮಿಟ್ ಸಿಕ್ಕಿತು ಎಂಬ ಧೈರ್ಯದಲ್ಲಿ. ಎರ್ನಾಕುಳಂ ಹತ್ತಿರದ ಮರಡಿನ ಫ್ಲ್ಯಾಟುಗಳಿಗೂ ಪಂಚಾಯತ್ ಪರ್ಮಿಟ್ ಇತ್ತು. ಕೇರಳ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆ ಇರಲಿಲ್ಲ. 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೆಡವಲು ಹೇಳಿತು. ಜನ ಆಗಲೇ ವಾಸ ಇದ್ದರು, ಸಾಲದ ಕಂತು ಕಟ್ಟುತ್ತಿದ್ದರು. ಆದರೂ 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಉರುಳಿಸಿದರು. ಅದೂ ಹಿನ್ನೀರಿನ ದಡವೇ, ಕಡಲ ತೀರ ಅಲ್ಲ. ಕೋರ್ಟು ಹೇಳಿದ ಮಧ್ಯಂತರ ಪರಿಹಾರ 25 ಲಕ್ಷ. ಎರ್ನಾಕುಳಂನಲ್ಲಿ ಅಷ್ಟಕ್ಕೆ ಇನ್ನೊಂದು ಅಂಥ ಫ್ಲ್ಯಾಟ್ ಎಲ್ಲಿ ಸಿಗುತ್ತದೆ?

ಸಿಆರ್‌ಝಡ್ ಕೇಂದ್ರದ ಕಾನೂನು, ಕರ್ನಾಟಕದಲ್ಲೂ ಇದೆ. ಗದ್ದೆಯ ಕಾನೂನು ಮಾತ್ರ ಬೇರೆ. ಅಲ್ಲಿ ಕನ್ವರ್ಶನ್ ಮಾಡಿಸಿದ ಹಾಗೆ ಇಲ್ಲಿ ಆಗುವುದಿಲ್ಲ. ಕೇರಳದ 2008ರ ಗದ್ದೆ ಕಾನೂನಿನ ಪ್ರಕಾರ ಡೇಟಾ ಬ್ಯಾಂಕಿನಲ್ಲಿ (ಗದ್ದೆಗಳ ಸರ್ಕಾರಿ ಪಟ್ಟಿ) ಗದ್ದೆ ಎಂದಿದ್ದರೆ ಮಣ್ಣು ತುಂಬಿಸುವುದು ಬಹಳ ಕಷ್ಟ. ಕೇರಳದ ಕ್ರಮವೇ ಒಳ್ಳೆಯದು ಅನ್ನುತ್ತೇನೆ. ಮಳೆನೀರು ನಿಲ್ಲಲು ಗದ್ದೆ ಬೇಕು, ಇಲ್ಲದಿದ್ದರೆ ಅದು ಮನೆಯೊಳಗೇ ಬರುತ್ತದೆ.

ಅಡ್ವಾನ್ಸ್ ಕೊಡುವ ಮೊದಲೇ ಸರ್ವೆ ನಂಬರ್ ಬರೆದು ಪಂಚಾಯತ್ ಕಾರ್ಯದರ್ಶಿಗೆ ಅರ್ಜಿ ಕೊಡಿ. ಈ ಜಾಗ ಸಿಆರ್‌ಝಡ್ ಒಳಗಿದೆಯೇ ಎಂದು ಕೇಳಿ, ಉತ್ತರ ಬರಹದಲ್ಲೇ ತೆಗೆದುಕೊಳ್ಳಿ. ಡೇಟಾ ಬ್ಯಾಂಕ್ ಕೃಷಿ ಭವನದಲ್ಲಿ ವಿಚಾರಿಸಿ. ಮಲಯಾಳ ಬರುವುದಿಲ್ಲ ಅಂತ ಬ್ರೋಕರ್ ಕೈಯಲ್ಲಿ ಬರೆಸಬೇಡಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು.